ಮಾಸು ಕೆಳಗಿದ್ದ ಬಸಿರಿಗೆ ಸಿಸೇರಿಯನ್ ದಿನ ಗೊತ್ತುಮಾಡಿದ ಬಗೆ: ಕೊಡಗಿನ ಹೆರಿಗೆ ವಿಭಾಗವೊಂದರ ಸೇವೆಯ ವಿಮರ್ಶೆ

ಮಾಸು ಗರ್ಭಕೋಶದ ಬಾಯಿಯನ್ನೇ ಮುಚ್ಚಿಕೊಂಡು ಬೆಳೆದಿರುವ ಸ್ಥಿತಿಯನ್ನು ವೈದ್ಯರು ಪ್ಲಾಸೆಂಟಾ ಪ್ರೀವಿಯಾ ಎಂದು ಬರೆಯುತ್ತಾರೆ. ತಿಂಗಳು ತುಂಬುವ ಹೊತ್ತಿಗೆ ಸುಮಾರು 200 ಬಸುರಿಯರಲ್ಲಿ ಒಬ್ಬರಿಗೆ ಇದು ಉಳಿದಿರುತ್ತದೆ. ಅವರಿಗೆ ಸಹಜ ಹೆರಿಗೆಯ ದಾರಿಯಿಲ್ಲ, ಸಿಸೇರಿಯನ್ ಆಗಲೇಬೇಕು. ಹೀಗಾಗಿ ಆಸ್ಪತ್ರೆಯೊಂದರ ವಿವೇಚನೆಯೆಲ್ಲ ಆ ಆಪರೇಷನ್ನಿಗೆ ಯಾವ ದಿನವನ್ನು ಆರಿಸುತ್ತಾರೆ ಎಂಬುದರಲ್ಲಿ ಗೊತ್ತಾಗುತ್ತದೆ. ನನ್ನ ತಂಗಿಯ ಎರಡನೆಯ ಹೆರಿಗೆ ಕಳೆದ ಮಳೆಗಾಲದಲ್ಲಿ ಕೊಡಗಿನ ಒಂದು ಆಸ್ಪತ್ರೆಯಲ್ಲಿ ಇದೇ ಕಾರಣಕ್ಕೆ ಸಿಸೇರಿಯನ್ ಮೂಲಕ ಆಯಿತು. ಅಲ್ಲಿ ಸಿಕ್ಕ ಸೇವೆಯ ಬಗ್ಗೆ, ಮುಖ್ಯವಾಗಿ ದಿನ ಗೊತ್ತುಮಾಡಿದ ರೀತಿಯ ಬಗ್ಗೆ, ಇಲ್ಲಿ ಬರೆಯುತ್ತಿದ್ದೇನೆ. ಮೆಚ್ಚುಗೆಯ ಜೊತೆಗೆ ಕೆಲವು ದೂರುಗಳೂ ಇರುವುದರಿಂದ, ತಂಗಿಯ ಗುರುತು ಹೊರಗೆ ಬೀಳಬಾರದೆಂಬ ಕಾರಣದಿಂದಲೂ, ಆಸ್ಪತ್ರೆಯ ಹೆಸರನ್ನು ಬರೆದಿಲ್ಲ. ದಿನ ಆರಿಸುವುದರಲ್ಲಿಯೂ ಆ ದಿನಕ್ಕೆ ಬೇಕಾದ ಸಿದ್ಧತೆಯಲ್ಲಿಯೂ ಈ ವಿಭಾಗಕ್ಕೆ ನಾನು ಯಾವ ಸಂಕೋಚವೂ ಇಲ್ಲದೆ ಪೂರ್ಣ ಅಂಕ ಕೊಡುತ್ತೇನೆ. ಆ ದಿನಕ್ಕಾಗಿ ಕಾಯುತ್ತಿರುವ ಹೆಂಗಸರನ್ನು ಮತ್ತು ಅವರ ಕಡೆಯವರನ್ನು ನಡೆಸಿಕೊಳ್ಳುವುದರಲ್ಲಿ ಅಷ್ಟು ಕೊಡಲಾರೆ.

ಮೊದಲು ಐದನೆಯ ತಿಂಗಳ ಸ್ಕ್ಯಾನಿಂಗ್ ವಿಷಯ, ಏಕೆಂದರೆ ಗೊಂದಲ ಅಲ್ಲಿಂದಲೇ ಶುರುವಾಯಿತು. ಅದನ್ನು ಮಾಡಿಸಿದ್ದು ಬೇರೊಂದು ಸ್ಕ್ಯಾನಿಂಗ್ ಕೇಂದ್ರದಲ್ಲಿ. ವರದಿಯಲ್ಲಿ ಮಾಸು ಕೆಳಗಿದೆ ಎಂಬ ಒಂದು ಸಾಲು ಇತ್ತೇ ಹೊರತು, ಅದರ ಅಂಚು ಗರ್ಭಕೋಶದ ಒಳಬಾಯಿಯಿಂದ ಎಷ್ಟು ದೂರದಲ್ಲಿದೆ, ಬಾಯಿಯನ್ನು ಮುಚ್ಚಿದೆಯೇ, ಮಾಸು ಮುಂಗೋಡೆಗೆ ಅಂಟಿದೆಯೇ ಹಿಂಗೋಡೆಗೆ ಅಂಟಿದೆಯೇ ಎಂಬ ಮಾಹಿತಿ ಇರಲಿಲ್ಲ. ಅಂಚು ಒಳಬಾಯಿಯಿಂದ 2 ಸೆಂ.ಮೀ.ಗಿಂತ ಹತ್ತಿರದಲ್ಲಿದ್ದರೆ ಅದನ್ನು ಕೆಳಗಿರುವ ಮಾಸು ಎನ್ನುತ್ತಾರೆ, ಬಾಯಿಯ ಮೇಲೆಯೇ ಬಂದಿದ್ದರೆ ಪ್ರೀವಿಯಾ ಎನ್ನುತ್ತಾರೆ. ಮುಂದಿನ ತೀರ್ಮಾನಗಳೆಲ್ಲ ಈ ಒಂದು ಅಳತೆಯ ಮೇಲೆ ನಿಂತಿರುವಾಗ ಅದನ್ನು ಬರೆಯದ ವರದಿಯಿಂದ ಯಾರಿಗೂ ಪ್ರಯೋಜನವಿಲ್ಲ. ಅಷ್ಟಲ್ಲದೆ, ಅಲ್ಲಿ ತಂಗಿಗೆ ಇನ್ನು ಹೆರಿಗೆಯವರೆಗೆ ಹಾಸಿಗೆ ಬಿಟ್ಟು ಏಳಬಾರದೆಂದು ಹೇಳಿ ಕಳಿಸಿದರು. ಹೀಗೆ ಮಲಗಿಸಿಡುವುದರಿಂದ ಮಾಸು ಮೇಲೆ ಸರಿಯುತ್ತದೆ ಎಂಬುದಕ್ಕಾಗಲಿ ರಕ್ತಸ್ರಾವ ತಪ್ಪುತ್ತದೆ ಎಂಬುದಕ್ಕಾಗಲಿ ಆಧಾರವಿಲ್ಲ. ಬದಲಿಗೆ ಬಸುರಿ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯಕ್ಕೆ ಒಳಗಾಗುತ್ತಾಳೆ. ಐದನೆಯ ತಿಂಗಳಲ್ಲಿ ಕೆಳಗಿದ್ದ ಮಾಸು, ಗರ್ಭಕೋಶದ ಕೆಳಭಾಗ ಬೆಳೆದಂತೆಲ್ಲ ಹೆಚ್ಚಿನವರಲ್ಲಿ ತಾನಾಗಿ ಬಾಯಿಯಿಂದ ದೂರವಾಗುತ್ತದೆ, ಸುಮಾರು ಹತ್ತರಲ್ಲಿ ಒಂಬತ್ತು ಮಂದಿಗೆ ತಿಂಗಳು ತುಂಬುವ ಹೊತ್ತಿಗೆ ತೊಂದರೆಯೇ ಉಳಿದಿರುವುದಿಲ್ಲ. ಈ ಸಮಾಧಾನದ ಮಾತನ್ನು ನಮಗೆ ಹೇಳಿದ್ದು ನಾನು ವಿಮರ್ಶಿಸುತ್ತಿರುವ ಆಸ್ಪತ್ರೆಯ ವೈದ್ಯೆ. ಭಾರ ಎತ್ತಬೇಡಿ, ಗಂಡ ಹೆಂಡತಿ ಕೂಡುವುದು ಬೇಡ, ಒಂದು ಹನಿ ರಕ್ತ ಕಂಡರೂ ಹೊರಟು ಬನ್ನಿ, ಉಳಿದಂತೆ ಮನೆಯೊಳಗೆ ಓಡಾಡಿಕೊಂಡಿರಿ ಎಂದು ಹೇಳಿ, 32 ವಾರ ತುಂಬಿದಾಗ ಮತ್ತೆ ಬರಹೇಳಿದರು.

ಆ 32 ವಾರದ ಸ್ಕ್ಯಾನಿಂಗ್ ಅನ್ನು ಅವರು ಯೋನಿಮಾರ್ಗದ ಮೂಲಕ ಮಾಡಿದರು. ಮಾಸು ಬಾಯಿಯ ಮೇಲಿರುವಾಗ ಹೀಗೆ ಮಾಡಿದರೆ ರಕ್ತ ಬೀಳುವುದಿಲ್ಲವೇ ಎಂದು ನಮ್ಮ ಅಮ್ಮ ಹೆದರಿದ್ದು ಸಹಜ. ವೈದ್ಯೆ ಯಂತ್ರದ ಪರದೆಯನ್ನು ನಮ್ಮ ಕಡೆ ತಿರುಗಿಸಿ, ಸಲಾಕೆಯ ತುದಿ ಗರ್ಭಕೋಶದ ಕೊರಳಿನಿಂದ ದೂರವೇ ನಿಲ್ಲುತ್ತದೆ, ಹೊಟ್ಟೆಯ ಮೇಲಿನಿಂದ ನೋಡುವುದಕ್ಕಿಂತ ಇದರಲ್ಲಿ ಅಳತೆ ಖಚಿತವಾಗಿ ಸಿಗುತ್ತದೆ, ನಿಜವಾಗಿ ಮಾಡಬಾರದ್ದು ಬೆರಳು ಹಾಕಿ ಒಳಪರೀಕ್ಷೆ ಮಾಡುವುದು ಎಂದು ವಿವರಿಸಿದರು. ಆ ಮಾತನ್ನು ತಾಯಿ ಕಾರ್ಡಿನ ಹೊರಪುಟದ ಮೇಲೆಯೇ ಕೆಂಪು ಶಾಯಿಯಲ್ಲಿ ಬರೆದೂ ಕೊಟ್ಟರು. ರಾತ್ರಿ ಹೊತ್ತು ಬೇರಾವುದೋ ಆಸ್ಪತ್ರೆಗೆ ಧಾವಿಸಬೇಕಾಗಿ ಬಂದರೆ ಅಲ್ಲಿನವರಿಗೆ ಮೊದಲು ಕಾಣಬೇಕಾದ ಎಚ್ಚರಿಕೆ ಅದೇ ಎಂಬುದು ಅವರ ಲೆಕ್ಕ. ಈ ಒಂದು ಸಣ್ಣ ಕೆಲಸಕ್ಕಾಗಿ ನನಗೆ ಈ ವಿಭಾಗದ ಮೇಲೆ ಬಂದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ಸ್ಕ್ಯಾನಿಂಗ್‌ನಲ್ಲಿ ಕಂಡದ್ದು ಒಳ್ಳೆಯ ಸುದ್ದಿಯಾಗಿರಲಿಲ್ಲ. ಮಾಸು ಮುಂಗೋಡೆಯಿಂದ ಇಳಿದು ಒಳಬಾಯಿಯನ್ನು ಪೂರ್ತಿ ಮುಚ್ಚಿತ್ತು. ತಂಗಿಗೆ ಮೊದಲ ಹೆರಿಗೆಯೂ ಸಿಸೇರಿಯನ್, ಮಗು ಕಾಲು ಮುಂದಾಗಿ ನಿಂತಿದ್ದರಿಂದ ಆದದ್ದು. ಹಳೆಯ ಹೊಲಿಗೆಯ ಗಾಯದ ಮೇಲೆ ಮಾಸು ಬಂದು ಕೂತಾಗ ಅದು ಗರ್ಭಕೋಶದ ಗೋಡೆಯೊಳಕ್ಕೆ ಬೇರುಬಿಟ್ಟಂತೆ ಅಂಟಿಕೊಳ್ಳುವ ಸಾಧ್ಯತೆ ಇರುತ್ತದೆ. ಇದನ್ನು ಅಕ್ರೀಟಾ ಎನ್ನುತ್ತಾರೆ. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ, ಮಾಸು ಬಾಯಿಗೆ ಅಡ್ಡವಾಗಿರುವವರಲ್ಲಿ ಮೊದಲು ಸಿಸೇರಿಯನ್ ಆಗಿಲ್ಲದಿದ್ದರೆ ಈ ಸಾಧ್ಯತೆ ಶೇ. 3, ಹಿಂದೆ ಒಂದು ಸಿಸೇರಿಯನ್ ಆಗಿದ್ದರೆ ಶೇ. 11, ಎರಡಾಗಿದ್ದರೆ ಶೇ. 40. ಹಾಗಾಗಿ ವೈದ್ಯೆ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಸ್ಕ್ಯಾನಿಂಗ್ ಹಾಕಿ, ಮಾಸಿಗೂ ಗೋಡೆಗೂ ನಡುವಿನ ಗೆರೆ ಎಲ್ಲಿಯಾದರೂ ಅಳಿಸಿಹೋಗಿದೆಯೇ, ಮೂತ್ರಕೋಶದ ಕಡೆಗೆ ರಕ್ತನಾಳಗಳು ನುಗ್ಗಿವೆಯೇ ಎಂದು ತಾಳ್ಮೆಯಿಂದ ಹುಡುಕಿದರು. ಅಂಥ ಲಕ್ಷಣ ಕಾಣಲಿಲ್ಲ. ಕಂಡಿದ್ದರೆ ಈ ಆಪರೇಷನ್ ನಾವಿಲ್ಲಿ ಮಾಡುವುದಿಲ್ಲ, 34ರಿಂದ 36 ವಾರದೊಳಗೆ ಮೈಸೂರಿನಂಥ ಕಡೆ, ಗರ್ಭಕೋಶವನ್ನೇ ತೆಗೆಯಬೇಕಾಗಿ ಬಂದರೂ ಎದುರಿಸಬಲ್ಲ ತಂಡವಿರುವ ದೊಡ್ಡ ಆಸ್ಪತ್ರೆಯಲ್ಲಿ ಮಾಡಿಸಬೇಕು ಎಂದು ಅವರು ಮೊದಲೇ ತಿಳಿಸಿದ್ದರು. ತಮ್ಮ ಮಿತಿಯನ್ನು ಕೇಳುವ ಮೊದಲೇ ಹೇಳುವ ಆಸ್ಪತ್ರೆಯನ್ನು ನಂಬಬಹುದು ಎಂದು ನನಗೆ ಅನ್ನಿಸಿದ್ದು ಆಗ. ಆ ದಿನ ಅವರು ಸಿಸೇರಿಯನ್‌ಗೆ ತಾತ್ಕಾಲಿಕವಾಗಿ ಗುರುತುಹಾಕಿದ್ದು 37 ವಾರ ತುಂಬುವ ಹೊತ್ತಿಗೆ.

ಜುಲೈ ಮೊದಲ ವಾರದಲ್ಲಿ, 33 ವಾರ ತುಂಬಿದ್ದಾಗ, ರಕ್ತ ಕಾಣಿಸಿಕೊಂಡಿತು. ನೋವಿಲ್ಲ, ಮುನ್ಸೂಚನೆಯಿಲ್ಲ, ಬೆಳಗಿನ ಜಾವ ಎದ್ದಾಗ ಬಟ್ಟೆ ಒದ್ದೆಯಾಗಿತ್ತು. ಪ್ರೀವಿಯಾದ ರಕ್ತಸ್ರಾವ ಹೀಗೆ ನೋವಿಲ್ಲದೆಯೇ ಬರುತ್ತದೆ. ತಂಗಿಯ ಮನೆ ನಾಪೋಕ್ಲು ಕಡೆ. ಆ ಮಳೆಯಲ್ಲಿ 108ಕ್ಕೆ ಕರೆ ಮಾಡಲು ಫೋನಿಗೆ ಸಿಗ್ನಲ್ ಸಿಗುವುದೇ ತಡವಾಗಿ, ಕೊನೆಗೆ ಪಕ್ಕದ ತೋಟದವರ ಜೀಪಿನಲ್ಲಿ ಮೂರ್ನಾಡು ಮಾರ್ಗವಾಗಿ ಕರೆತಂದರು. ಆಸ್ಪತ್ರೆಯಲ್ಲಿ ಕಾರ್ಡಿನ ಮೇಲಿನ ಕೆಂಪು ಬರಹವನ್ನು ಓದಿದ ದಾದಿ ನಮ್ಮನ್ನು ಚೀಟಿಯ ಸಾಲಿನಲ್ಲಿ ನಿಲ್ಲಿಸದೆ ನೇರವಾಗಿ ಒಳಗೆ ಕರೆದುಕೊಂಡರು. ಎರಡೂ ಕೈಗೆ ದಪ್ಪ ಸೂಜಿಯ ಡ್ರಿಪ್, ರಕ್ತದ ಗುಂಪು ಮತ್ತು ಹೊಂದಾಣಿಕೆಯ ಪರೀಕ್ಷೆ, ಮಗುವಿನ ಎದೆಬಡಿತದ ಯಂತ್ರ, ಎಲ್ಲವೂ ಗಡಿಬಿಡಿಯಿಲ್ಲದೆ ನಡೆದವು. ರಕ್ತ ಅಂದೇ ನಿಂತಿತು. ಮಗುವಿನ ಶ್ವಾಸಕೋಶ ಬಲಿಯಲೆಂದು ಡೆಕ್ಸಾಮೆಥಾಸೋನ್ ಸ್ಟೀರಾಯ್ಡ್ ಅನ್ನು 12 ಗಂಟೆಗೊಮ್ಮೆ 6 ಮಿಲಿಗ್ರಾಂನಂತೆ ನಾಲ್ಕು ಚುಚ್ಚುಮದ್ದಾಗಿ ಕೊಟ್ಟರು. ತಂಗಿಯ ರಕ್ತ ಬಿ ನೆಗೆಟಿವ್, ಅವಳ ಗಂಡನದು ಪಾಸಿಟಿವ್; ರಕ್ತಸ್ರಾವವಾದಾಗ ಮಗುವಿನ ರಕ್ತಕಣಗಳು ತಾಯಿಯ ಮೈಸೇರಿ ಅವಳ ದೇಹ ಅವುಗಳ ವಿರುದ್ಧ ಪ್ರತಿಕಾಯ ಬೆಳೆಸಿಕೊಳ್ಳಬಹುದಾದ್ದರಿಂದ, 72 ಗಂಟೆಯೊಳಗೆ ಕೊಡಬೇಕಾದ ಆಂಟಿ-ಡಿ ಚುಚ್ಚುಮದ್ದನ್ನೂ ನೆನಪಿಟ್ಟು ಅಂದೇ ಕೊಟ್ಟರು. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದದ್ದನ್ನು ಕಂಡು ಕಬ್ಬಿಣದ ಅಂಶವನ್ನು ಡ್ರಿಪ್ ಮೂಲಕ ಏರಿಸಲು ಆರಂಭಿಸಿದರು.

ಈ ಘಟನೆಯ ನಂತರ ವೈದ್ಯೆ ತಾವೇ ಹಾಕಿದ್ದ ದಿನವನ್ನು ಬದಲಿಸಿದರು, ಬದಲಿಸಿದ್ದಕ್ಕೆ ಕಾರಣವನ್ನೂ ನಮ್ಮನ್ನು ಕೂರಿಸಿಕೊಂಡು ಹೇಳಿದರು. ಕೊನೆಯ ವಾರಗಳಲ್ಲಿ ಗರ್ಭಕೋಶದ ಕೆಳಭಾಗ ಹಿಗ್ಗಿ ತೆಳುವಾಗುತ್ತದೆ, ಕೊರಳು ಮೆತ್ತಗಾಗುತ್ತದೆ. ಮಾಸು ಮಾತ್ರ ಹಿಗ್ಗಲಾರದು, ಆದ್ದರಿಂದ ಅಂಟಿದ ಜಾಗದಿಂದ ಬಿಡಿಸಿಕೊಂಡು ರಕ್ತ ಹರಿಯುತ್ತದೆ. ದಿನ ಕಳೆದಂತೆ ಈ ಅಪಾಯ ಏರುತ್ತಲೇ ಹೋಗುತ್ತದೆ. ಮಗುವಿನ ಕಡೆಯಿಂದ ನೋಡಿದರೆ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. 34 ವಾರದ ಮಗುವಿಗೆ ಉಸಿರಾಟದ ತೊಂದರೆ, ಹಾಲು ಚೀಪಲಾರದ ನಿಶ್ಶಕ್ತಿ, ಸಕ್ಕರೆ ಅಂಶ ಇಳಿಯುವುದು, ಕಾಮಾಲೆ ಇವೆಲ್ಲ ಬರುವ ಸಂಭವ ಹೆಚ್ಚು. ಒಂದೊಂದು ವಾರ ಹೊಟ್ಟೆಯಲ್ಲಿ ಉಳಿದಷ್ಟೂ ಅವು ಕಡಿಮೆಯಾಗುತ್ತವೆ. ತಾಯಿಗೆ ಅಪಾಯ ಏರುವ ವಾರಗಳೂ ಮಗುವಿಗೆ ಅನುಕೂಲ ಏರುವ ವಾರಗಳೂ ಒಂದೇ ಆಗಿರುವಾಗ, ಒಂದನ್ನು ಇನ್ನೊಂದರ ಎದುರು ತೂಗಿ ನೋಡಬೇಕಾಗುತ್ತದೆ. ಬ್ರಿಟನ್ನಿನ ಹೆರಿಗೆ ತಜ್ಞರ ರಾಯಲ್ ಕಾಲೇಜು 2018ರ ಮಾರ್ಗಸೂಚಿಯಲ್ಲಿ, ರಕ್ತಸ್ರಾವವಾಗದ ಪ್ರೀವಿಯಾಕ್ಕೆ 36ರಿಂದ 37 ವಾರ ತುಂಬುವುದರೊಳಗೆ, ಈಗಾಗಲೇ ರಕ್ತ ಹೋಗಿರುವವರಿಗೆ 34 ವಾರ ತುಂಬಿದಲ್ಲಿಂದ 37 ತುಂಬುವುದರೊಳಗೆ ಸಿಸೇರಿಯನ್ ಯೋಚಿಸಬೇಕೆಂದು ಹೇಳಿದೆ. ಅಮೆರಿಕದ ತಜ್ಞರ ಸಂಘ ತೊಡಕಿಲ್ಲದ ಪ್ರೀವಿಯಾಕ್ಕೆ 36 ವಾರ ತುಂಬಿದ ದಿನದಿಂದ 38 ತುಂಬಲು ಒಂದು ದಿನ ಉಳಿದಿರುವವರೆಗೆ ಅವಕಾಶ ಕೊಡುತ್ತದೆ. ತಂಗಿಗೆ ರಕ್ತ ಒಮ್ಮೆ ಹೋಗಿ ತಾನಾಗಿ ನಿಂತಿತ್ತು, ಮಗುವಿನ ಬೆಳವಣಿಗೆ ಚೆನ್ನಾಗಿತ್ತು. ಹಾಗಾಗಿ 34ಕ್ಕೆ ಅವಸರಪಡುವುದು ಬೇಡ, 37ರವರೆಗೆ ಕಾಯುವುದೂ ಬೇಡ, 36 ದಾಟಿದ ಕೂಡಲೇ ಮಾಡೋಣ. ನಡುವೆ ಮತ್ತೆ ರಕ್ತ ಬಿದ್ದರೆ ಆ ದಿನವೇ ದಿನ ಎಂಬುದು ಅವರ ತೀರ್ಮಾನ. ಲೆಕ್ಕ ಹಾಕಿದಾಗ ಅದು ಜುಲೈ ಕೊನೆಗೆ ಬಂತು.

ಜುಲೈ ಕೊನೆಯೆಂದರೆ ಕಕ್ಕಡ. ಕೊಡಗಿನಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಈ ಮಳೆಯ ತಿಂಗಳಲ್ಲಿ ಶುಭಕಾರ್ಯ ಇಟ್ಟುಕೊಳ್ಳುವುದಿಲ್ಲ ಎಂಬುದು ಓದುಗರಿಗೆ ಗೊತ್ತಿರುವುದೇ. ಹೆರಿಗೆ ತಾನಾಗಿ ಆದರೆ ಯಾರ ಕೈಯಲ್ಲೂ ಇಲ್ಲ, ಆದರೆ ದಿನವನ್ನು ನಾವೇ ಇಡುವುದಾದರೆ ಕಕ್ಕಡ ಕಳೆದ ಮೇಲೆ ಇಡಬಾರದೇಕೆ, ಅದೂ ಒಳ್ಳೆಯ ನಕ್ಷತ್ರ ನೋಡಿ, ಎಂದು ತಂಗಿಯ ಗಂಡನ ಮನೆಯ ಹಿರಿಯರು ಕೇಳಿದರು. ಮಗುವಿನ ಮೇಲಿನ ಪ್ರೀತಿಯಿಂದಲೇ ಬಂದ ಪ್ರಶ್ನೆ ಅದು. ಅವಳ ಅತ್ತೆ ನನ್ನ ಬಳಿ, ನೀನು ದೊಡ್ಡವಳು, ಡಾಕ್ಟರಮ್ಮನಿಗೆ ಒಂದು ಮಾತು ಹೇಳಿ ನೋಡಮ್ಮ ಎಂದರು. ಕಕ್ಕಡ ಮುಗಿಯುವ ಹೊತ್ತಿಗೆ ಗರ್ಭಕ್ಕೆ 39 ವಾರವಾಗುತ್ತಿತ್ತು. ಕೋರಿಕೆಯನ್ನು ನಾನು ಹಾಗೆಯೇ ಮುಟ್ಟಿಸಿದೆ.

ಇಲ್ಲಿ ವೈದ್ಯೆ ನಡೆದುಕೊಂಡ ರೀತಿಯನ್ನು ಸ್ವಲ್ಪ ವಿಸ್ತಾರವಾಗಿ ಬರೆಯಬೇಕು, ಏಕೆಂದರೆ ಇಂಥ ಮಾತಿಗೆ ಗದರಿ ಕಳಿಸುವ ವೈದ್ಯರನ್ನೂ, ಗಿರಾಕಿ ಕೇಳಿದ ಮುಹೂರ್ತಕ್ಕೆ ತಲೆಯಾಡಿಸಿ ಒಪ್ಪುವವರನ್ನೂ ನಾನು ಕಂಡಿದ್ದೇನೆ. ಇವರು ಹಿರಿಯರನ್ನೇ ಕರೆಸಿಕೊಂಡರು. ರಾಯಲ್ ಕಾಲೇಜಿನ ಮಾರ್ಗಸೂಚಿಯಲ್ಲಿರುವ ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದು ತೋರಿಸಿದರು: ಪ್ರೀವಿಯಾ ಇರುವವರಲ್ಲಿ ತುರ್ತಾಗಿ ಆಪರೇಷನ್ ಮಾಡಲೇಬೇಕಾದಂಥ ರಕ್ತಸ್ರಾವ ಆಗುವ ಸಂಭವ 35 ವಾರದ ಹೊತ್ತಿಗೆ ಶೇ. 4.7, 36ಕ್ಕೆ ಶೇ. 15, 37ಕ್ಕೆ ಶೇ. 30, 38ಕ್ಕೆ ಶೇ. 59. ಕಕ್ಕಡ ಕಳೆಯಲಿ ಎಂದು ಕಾದರೆ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಆಪರೇಷನ್ ಕಕ್ಕಡದಲ್ಲಿಯೇ ನಡೆಯುತ್ತದೆ, ಆದರೆ ನಾವು ಆರಿಸಿದ ಬೆಳಗಿನಲ್ಲಿ ಅಲ್ಲ, ರಕ್ತ ಆರಿಸಿದ ರಾತ್ರಿಯಲ್ಲಿ ಎಂದು ಅವರು ಹೇಳಿದಾಗ ಆ ಹಿರಿಯರಲ್ಲಿದ್ದ ಅಜ್ಜಿ ಹಾಳೆಯನ್ನು ಕೈಗೆ ತೆಗೆದುಕೊಂಡು ಮೊಮ್ಮಗನಿಂದ ಮತ್ತೊಮ್ಮೆ ಓದಿಸಿಕೊಂಡರು. ಆಮೇಲೆ ವಾದ ಇರಲಿಲ್ಲ. ಗಳಿಗೆಯ ವಿಷಯದಲ್ಲಿಯೂ ವೈದ್ಯೆ ಸ್ಪಷ್ಟವಾಗಿದ್ದರು. ಅನುಭವಿ ಶಸ್ತ್ರವೈದ್ಯರು, ಅರಿವಳಿಕೆ ತಜ್ಞರು, ಮಕ್ಕಳ ವೈದ್ಯರು, ರಕ್ತನಿಧಿಯ ತಂತ್ರಜ್ಞರು ನಾಲ್ವರೂ ಒಟ್ಟಿಗೆ ಎಚ್ಚರವಾಗಿ ಇರುವ ಹೊತ್ತು ಬೆಳಗಿನ ಮೊದಲ ಆಪರೇಷನ್ನಿನದು. ಅದರೊಳಗೆ ಒಂದು ದಿನ ಆಚೀಚೆ ನೀವು ಕೇಳಿದರೆ ಮಾಡಿಕೊಡುತ್ತೇನೆ, ವಾರಗಟ್ಟಲೆ ಅಲ್ಲ ಎಂದರು. ಮನೆಯವರು ಕೊಟ್ಟ ಎರಡು ದಿನಗಳಲ್ಲಿ ಒಂದನ್ನು ಆರಿಸಿದರು. ನಂಬಿಕೆಗೂ ಮರ್ಯಾದೆ ಉಳಿಯಿತು, ಚಿಕಿತ್ಸೆಯ ಲೆಕ್ಕವೂ ಕೆಡಲಿಲ್ಲ.

ದಿನವನ್ನು ಮುಂಚಿತವಾಗಿ ಗೊತ್ತುಮಾಡುವುದರ ಇನ್ನೊಂದು ಲಾಭ ನನಗೆ ಅರ್ಥವಾದದ್ದು ರಕ್ತದ ವಿಷಯದಲ್ಲಿ. ನೆಗೆಟಿವ್ ರಕ್ತ ನಮ್ಮಂಥ ಸಣ್ಣ ಜಿಲ್ಲೆಯಲ್ಲಿ ಕೇಳಿದ ಕೂಡಲೇ ಸಿಗುವಂಥದ್ದಲ್ಲ. ಶೇಖರಿಸಿದ ರಕ್ತ ಬಳಸುವ ದ್ರಾವಣಕ್ಕೆ ತಕ್ಕಂತೆ 35ರಿಂದ 42 ದಿನಗಳವರೆಗೆ ಮಾತ್ರ ಉಳಿಯುವುದರಿಂದ ಬಹಳ ಮೊದಲೇ ಕೂಡಿಡುವಂತೆಯೂ ಇಲ್ಲ. ಆಪರೇಷನ್ನಿನ ದಿನ ಕೈಯಲ್ಲಿದ್ದುದರಿಂದ, ರಕ್ತನಿಧಿಯವರು ತಮ್ಮ ದಾನಿಗಳ ಪಟ್ಟಿಯಿಂದ ಬಿ ನೆಗೆಟಿವ್‌ನ ಇಬ್ಬರನ್ನು ಹಿಂದಿನ ವಾರವೇ ಕರೆಸಿ ರಕ್ತ ತೆಗೆದಿಟ್ಟರು, ಇನ್ನೂ ಒಬ್ಬರನ್ನು ಅಂದು ಬೆಳಿಗ್ಗೆ ಊರಲ್ಲೇ ಇರುವಂತೆ ಕೇಳಿಕೊಂಡರು. ಬಂದ ದಾನಿಗಳಲ್ಲಿ ಒಬ್ಬರು ಕುಶಾಲನಗರದ ಕಡೆಯಿಂದ ಮಳೆಯಲ್ಲಿ ಬೈಕಿನಲ್ಲಿ ಬಂದಿದ್ದರು. ನಮ್ಮ ಪರಿಚಯದವರಲ್ಲ, ಹೆಸರು ಹೇಳಲೂ ಒಪ್ಪಲಿಲ್ಲ. ರಾತ್ರಿ ಎರಡು ಗಂಟೆಗೆ ತುರ್ತಾಗಿ ಇದೇ ಆಪರೇಷನ್ ಮಾಡಬೇಕಾಗಿ ಬಂದಿದ್ದರೆ ಈ ಏರ್ಪಾಡಿನಲ್ಲಿ ಯಾವುದೂ ಸಾಧ್ಯವಿರಲಿಲ್ಲ.

ರಕ್ತ ನಿಂತು ಕೆಲವು ದಿನ ಕಳೆದ ಮೇಲೆ ತಂಗಿಯನ್ನು ಮನೆಗೆ ಕಳಿಸುವ ಪ್ರಶ್ನೆ ಬಂತು. ನಿಮ್ಮ ಮನೆಯಿಂದ ಇಲ್ಲಿಗೆ ಎಷ್ಟು ಹೊತ್ತು ಎಂದು ಅವರು ಕೇಳಿದ್ದಕ್ಕೆ ತಂಗಿಯ ಗಂಡ ಬೇಸಿಗೆಯ ಲೆಕ್ಕ ಹೇಳಿದರು. ವೈದ್ಯೆ ಮಳೆಗಾಲದ ಲೆಕ್ಕ ಕೇಳಿದರು. ಕಾವೇರಿ ಉಕ್ಕಿದರೆ ನಾಪೋಕ್ಲು ಸುತ್ತಿನ ತಗ್ಗು ರಸ್ತೆಗಳ ಮೇಲೆ ನೀರು ನಿಲ್ಲುತ್ತದೆ, ಮರ ಬಿದ್ದರೆ ಕಡಿದು ಸರಿಸುವವರೆಗೆ ವಾಹನವಿಲ್ಲ, ಕರೆಂಟು ಹೋದರೆ ಫೋನೂ ಇಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಮಡಿಕೇರಿ ಸಂಪಾಜೆ ರಸ್ತೆ ಕಡಿದುಹೋದದ್ದನ್ನು ಕಂಡವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈಸೂರು ಮಡಿಕೇರಿಯಿಂದ ಸುಮಾರು 120 ಕಿ.ಮೀ. ಆಗುತ್ತದೆ, ಜಿಲ್ಲೆಗೆ ರೈಲೂ ಇಲ್ಲ. ಹೊರದೇಶದ ಮಾರ್ಗಸೂಚಿಗಳು ಪ್ರೀವಿಯಾದ ಬಸುರಿ ಮನೆಯಲ್ಲಿರುವುದಾದರೆ ಆಸ್ಪತ್ರೆಗೆ ಹತ್ತಿರವಿರಬೇಕು, ಜೊತೆಯಲ್ಲಿ ಯಾರಾದರೂ ಸದಾ ಇರಬೇಕು ಎನ್ನುತ್ತವೆ. ಅದನ್ನು ಕೊಡಗಿನ ಜುಲೈಗೆ ಹೊಂದಿಸಿ ಅರ್ಥ ಮಾಡಿಕೊಂಡದ್ದು ಈ ವಿಭಾಗದ ವಿವೇಕ. ಆಸ್ಪತ್ರೆಯಿಂದ ಆಟೋದಲ್ಲಿ ಬರಬಹುದಾದ ದೂರದಲ್ಲಿದ್ದ ನೆಂಟರ ಮನೆಯಲ್ಲಿ ತಂಗಿಯನ್ನು ಇಡಲು ಒಪ್ಪಿದ ಮೇಲೆಯೇ ಬಿಡುಗಡೆ ಮಾಡಿದರು.

ಆಪರೇಷನ್ನಿನ ಬಗ್ಗೆ ಹೊರಗೆ ಕೂತಿದ್ದ ನಾನು ಹೆಚ್ಚು ಹೇಳಲಾರೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ತಂಗಿಯನ್ನು ಎಚ್ಚರವಾಗಿಯೇ ಇಟ್ಟಿದ್ದರು. ಮಾಸು ಮುಂಗೋಡೆಯಲ್ಲಿದ್ದುದರಿಂದ ಕೊಯ್ಯುವ ಜಾಗವನ್ನು ಸ್ಕ್ಯಾನಿಂಗ್ ನೋಡಿಕೊಂಡು ಗುರುತುಹಾಕಿದ್ದರು. ಗರ್ಭಕೋಶದ ಕೆಳಭಾಗಕ್ಕೆ ಬಿಗಿದು ಸಂಕುಚಿಸುವ ಶಕ್ತಿ ಕಡಿಮೆ, ಆದ್ದರಿಂದ ಮಾಸು ತೆಗೆದ ಮೇಲೂ ಅಲ್ಲಿಂದ ರಕ್ತ ಒಸರುತ್ತಿರುತ್ತದೆ. ಅದನ್ನು ತಡೆಯಲು ಔಷಧಿ, ಟ್ರಾನೆಕ್ಸಾಮಿಕ್ ಆಮ್ಲ, ಒಳಗಿನಿಂದ ಒತ್ತಿಹಿಡಿಯುವ ಬಲೂನು ಎಲ್ಲವನ್ನೂ ಸಿದ್ಧವಿಟ್ಟಿದ್ದರೆಂದು ನಂತರ ತಿಳಿಯಿತು. ಬಲೂನು ಬೇಕಾಯಿತು, ರಕ್ತವನ್ನೂ ಕೊಡಬೇಕಾಯಿತು, ಗರ್ಭಕೋಶ ಉಳಿಯಿತು. ಮಗಳು ಹುಟ್ಟಿದ ಕೂಡಲೇ ಅತ್ತಳು. 37 ತುಂಬದ ಮಗುವಾದ್ದರಿಂದ ಮೊದಲ ದಿನ ಅವಳನ್ನು ನವಜಾತ ಶಿಶುಗಳ ಘಟಕದಲ್ಲಿಟ್ಟುಕೊಂಡು ಸಕ್ಕರೆ ಅಂಶವನ್ನು ಮತ್ತೆ ಮತ್ತೆ ನೋಡಿದರು. ಮೂರನೆಯ ದಿನ ಕಾಮಾಲೆ ಕಂಡು ನೀಲಿ ಬೆಳಕಿನ ಕೆಳಗೆ ಇಡಬೇಕಾಯಿತು. ಇವೆರಡೂ ಬರಬಹುದೆಂದು ಮೊದಲೇ ಹೇಳಿದ್ದರಿಂದ ಮನೆಯವರು ಗಾಬರಿಯಾಗಲಿಲ್ಲ. ಮಗುವಿನ ಗುಂಪು ಪಾಸಿಟಿವ್ ಎಂದು ತಿಳಿದ ಮೇಲೆ ತಂಗಿಗೆ ಆಂಟಿ-ಡಿಯನ್ನು ಇನ್ನೊಮ್ಮೆ ಕೊಟ್ಟರು.

ಇನ್ನು ದೂರುಗಳು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಮಾತ್ರ ಇದೆ. ಗರ್ಭಕೋಶ ತೆಗೆಯಬೇಕಾಗಬಹುದು ಎಂಬ, ಹೆಣ್ಣೊಬ್ಬಳ ಬದುಕನ್ನೇ ಮುಟ್ಟುವ ಸಾಲಿಗೆ ಸಹಿ ಹಾಕಿಸಿಕೊಳ್ಳುವಾಗ ಅದು ಅವಳು ಓದಬಲ್ಲ ಭಾಷೆಯಲ್ಲಿರಬೇಕು. ನಮಗೆ ವೈದ್ಯೆ ಬಾಯಿಮಾತಿನಲ್ಲಿ ಎಲ್ಲವನ್ನೂ ಹೇಳಿದ್ದರು, ನಮ್ಮ ಮನೆಯಲ್ಲಿ ಓದುವವರಿದ್ದರು. ಪಕ್ಕದ ಮಂಚದಲ್ಲಿ ತೋಟದ ಲೈನ್ ಮನೆಯಿಂದ ಬಂದ, ಅಸ್ಸಾಮಿನ ಕಡೆಯ ಹುಡುಗಿಯೊಬ್ಬಳಿದ್ದಳು; ಅವಳಿಗೆ ಕನ್ನಡವೂ ಬರದು, ಇಂಗ್ಲಿಷೂ ಬರದು. ದಾದಿ ತಮಗೆ ತಿಳಿದಷ್ಟು ಹಿಂದಿಯಲ್ಲಿ ವಿವರಿಸಿದರು, ಅದು ಅವರ ಒಳ್ಳೆಯತನ. ಆದರೆ ಕಾಫಿ ತೋಟಗಳಲ್ಲಿ ಹೊರರಾಜ್ಯದ ಕಾರ್ಮಿಕರು ಇಷ್ಟು ಮಂದಿ ಇರುವ ಜಿಲ್ಲೆಯಲ್ಲಿ, ಯರವ, ಜೇನುಕುರುಬ ಹಾಡಿಗಳ ಹೆಂಗಸರೂ ಬರುವ ವಿಭಾಗದಲ್ಲಿ, ಇದು ಒಬ್ಬ ದಾದಿಯ ಒಳ್ಳೆಯತನಕ್ಕೆ ಬಿಟ್ಟ ವಿಷಯವಾಗಿರಬಾರದು. ನನಗೆ ಹೆಚ್ಚು ನೋವಾದದ್ದು ಇನ್ನೊಂದಕ್ಕೆ. ಆ ಹುಡುಗಿಗೂ ಮಾಸು ಕೆಳಗಿತ್ತು, ಆದರೆ ಆಸ್ಪತ್ರೆಯ ಹತ್ತಿರ ಇಳಿದುಕೊಳ್ಳಲು ಅವಳಿಗೆ ನೆಂಟರ ಮನೆಯಿರಲಿಲ್ಲ. ಮಂಚ ಖಾಲಿಯಿದ್ದಾಗ ಅವಳನ್ನು ಇಟ್ಟುಕೊಳ್ಳುತ್ತಿದ್ದರು, ಒತ್ತಡ ಬಂದಾಗ ಬಿಡುಗಡೆಯ ಮಾತು ಎತ್ತುತ್ತಿದ್ದರು. ದೂರದ ತೋಟಗಳ, ಹಾಡಿಗಳ ಬಸುರಿಯರು ಕೊನೆಯ ವಾರಗಳಲ್ಲಿ ಉಳಿದುಕೊಳ್ಳಲು ಆಸ್ಪತ್ರೆಯ ಆವರಣದಲ್ಲಿಯೇ ಕೆಲವು ಕೋಣೆಗಳಿದ್ದರೆ, ಅಷ್ಟು ಎಚ್ಚರದಿಂದ ಆರಿಸುವ ದಿನ ಅವರ ಪಾಲಿಗೂ ಉಪಯೋಗಕ್ಕೆ ಬರುತ್ತದೆ.

ಉಳಿದವು ಸಣ್ಣವು. ತಪಾಸಣೆಗೆ ಬಂದ ದಿನ ಬಸುರಿಯರು ಮಧ್ಯಾಹ್ನದವರೆಗೆ ಬೆನ್ನೊರಗಿಲ್ಲದ ಬೆಂಚಿನಲ್ಲಿ ಕೂರಬೇಕು. ಬಾಣಂತಿಯರ ಶೌಚಾಲಯದಲ್ಲಿ ಬಿಸಿನೀರು ಬೆಳಿಗ್ಗೆ ಮಾತ್ರ, ಆ ಚಳಿಯಲ್ಲಿ ಇದು ಸಣ್ಣದೆಂದು ಹೇಳಿದ್ದು ಬಹುಶಃ ತಪ್ಪು. ಜೊತೆಗಿರುವ ಹೆಂಗಸಿಗೆ ಮಲಗಲು ಜಾಗವಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬ ದಾದಿಯ ಮೇಲೆ ಬೀಳುವ ಕೆಲಸ ಇಬ್ಬರದು.

ಬಿಡುಗಡೆಯ ದಿನ ಕೊಟ್ಟ ಕಾಗದದಲ್ಲಿ ಒಂದು ಕೊರತೆಯಿತ್ತು, ನಾವು ಕೇಳಿದ ಮೇಲೆ ಸರಿಪಡಿಸಿ ಕೊಟ್ಟರು. ಗರ್ಭಕೋಶವನ್ನು ಯಾವ ದಿಕ್ಕಿನಲ್ಲಿ ಕೊಯ್ದರು, ಮಾಸು ಬಿಡಿಸುವಾಗ ಎಲ್ಲಿಯಾದರೂ ಅಂಟಿಕೊಂಡಿತ್ತೇ, ಎಷ್ಟು ರಕ್ತ ಹೋಯಿತು, ಯಾವ ವಾರದಲ್ಲಿ ಏಕೆ ಆಪರೇಷನ್ ಮಾಡಿದರು ಎಂಬುದನ್ನೆಲ್ಲ ಅದರಲ್ಲಿ ಬರೆಸಿಕೊಳ್ಳಬೇಕು. ತಂಗಿಯ ಗರ್ಭಕೋಶದ ಮೇಲೆ ಈಗ ಎರಡು ಸಿಸೇರಿಯನ್ನಿನ ಗಾಯಗಳಿವೆ. ಅವಳು ಇನ್ನೊಮ್ಮೆ ಬಸುರಿಯಾದರೆ ಮೊದಲ ಮೂರು ತಿಂಗಳೊಳಗೇ ಸ್ಕ್ಯಾನಿಂಗ್ ಮಾಡಿಸಿ ಗರ್ಭ ಗಾಯದ ಮೇಲೆ ನಿಂತಿದೆಯೇ ಎಂದು ನೋಡಬೇಕು, ಮಾಸು ಮತ್ತೆ ಕೆಳಗೆ ಬಂದರೆ ಆರಂಭದಿಂದಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಈ ಎರಡು ಸಾಲುಗಳನ್ನು ವೈದ್ಯೆ ಆ ಕಾಗದದ ಕೆಳಗೆ ತಾವೇ ಕನ್ನಡದಲ್ಲಿ ಬರೆದು, ದಿನಾಂಕ ಹಾಕಿ, ಸಹಿ ಮಾಡಿಕೊಟ್ಟರು.